ಅಗಲಿದವರಿಗಾಗಿ ಪ್ರಾರ್ಥನೆ: ಕಥೋಲಿಕ ಪರಂಪರೆಯಲ್ಲಿ ಮೃತರ ಸ್ಮರಣೆ

ನವೆಂಬರ್ 1 ಕರ್ನಾಟಕಕ್ಕೆ ರಾಜ್ಯೋತ್ಸವ. ಕಥೋಲಿಕ ಕ್ರೈಸ್ತರ ಪಂಚಾಂಗದಲ್ಲಿ ಅದೇ ದಿನ ಸಕಲ ಸಂತರ ಹಬ್ಬ, ಮರುದಿನ ನವೆಂಬರ್ 2 ಸಕಲ ಮೃತರ ಸ್ಮರಣೆ. ಸರ್ಕಾರಿ ರಜೆ ಹೀಗೆ ತಾನಾಗಿ ಒದಗಿ ಬರುವುದರಿಂದ ಗೋರಿ ಶುಚಿ ಮಾಡುವ ಕೆಲಸಕ್ಕೆ ಮನೆಮಂದಿಯೆಲ್ಲ ಸಿಗುತ್ತಾರೆ. ಬೆಂಗಳೂರಿನ ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಾಗಲಿ, ಕರಾವಳಿಯ ಸಣ್ಣ ಇಗರ್ಜಿಯ ಪಕ್ಕದಲ್ಲಾಗಲಿ ಕೆಲಸ ಒಂದೇ ಬಗೆಯದು: ಮಳೆಗಾಲದಲ್ಲಿ ಎದ್ದ ಹುಲ್ಲು ಕೀಳಬೇಕು, ಕಲ್ಲಿನ ಮೇಲಿನ ಪಾಚಿ ಉಜ್ಜಬೇಕು, ಶಿಲುಬೆಗೆ ಸುಣ್ಣ ಹಚ್ಚಬೇಕು, ಮಾಸಿದ ಅಕ್ಷರಗಳಿಗೆ ಸಣ್ಣ ಕುಂಚದಲ್ಲಿ ಕಪ್ಪು ಬಣ್ಣ ತುಂಬಬೇಕು. ಮರುದಿನ ಸೇವಂತಿಗೆ, ಚೆಂಡುಹೂವು, ಮೇಣದಬತ್ತಿ. ಬಲಿಪೂಜೆ (ಮಾಸ್) ಮುಗಿಸಿದ ಗುರುಗಳು ಗೋರಿಗಳ ಸಾಲಿನ ನಡುವೆ ತೀರ್ಥ ಚಿಮುಕಿಸುತ್ತ ನಡೆಯುತ್ತಾರೆ.

ಹೊರಗಿನಿಂದ ನೋಡುವವರಿಗೆ ಇದು ಹಿರಿಯರನ್ನು ನೆನೆಯುವ ದಿನ, ಅಷ್ಟೆ. ಆದರೆ ಗೋರಿಯ ಮುಂದೆ ಕೈಮುಗಿದು ನಿಂತ ಕಥೋಲಿಕರು ತಾವು ಅಲ್ಲಿ ಮಲಗಿರುವವರಿಗೆ ಏನೋ ಸಹಾಯ ಮಾಡುತ್ತಿದ್ದೇವೆ ಎಂದೇ ನಂಬಿರುತ್ತಾರೆ. ನೆನಪು ಈ ಆಚರಣೆಯ ಅರ್ಧ ಭಾಗ ಮಾತ್ರ. ಸಾವಿನ ಆಚೆಗಿರುವವರಿಗೂ ಕೊರತೆಗಳಿರಬಹುದು, ಈಚೆಗಿರುವವರು ಅದನ್ನು ನೀಗಲು ನೆರವಾಗಬಹುದು ಎಂಬುದು ಉಳಿದರ್ಧ. ಈ ನಂಬಿಕೆ ಹೇಗೆ ರೂಪುಗೊಂಡಿತು, ಎಲ್ಲೆಲ್ಲಿ ಹದ ತಪ್ಪಿತು ಎಂಬ ಚರಿತ್ರೆಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ತಮ್ಮವರಿಗಾಗಿ ತಾವು ಪ್ರಾರ್ಥಿಸುವುದು ಸಹಜ. ಯಾರೂ ಇಲ್ಲದವರಿಗಾಗಿ ಪ್ರಾರ್ಥಿಸುವವರು ಯಾರು?

ಶುದ್ಧೀಕರಣ ಸ್ಥಳ

ಕಥೋಲಿಕ ಬೋಧನೆಯ ಪ್ರಕಾರ ಪಾಪಕ್ಕೆ ಕ್ಷಮೆ ಸಿಕ್ಕರೂ ಅದು ಮನುಷ್ಯನಲ್ಲಿ ಬಿಟ್ಟುಹೋದ ಕಲೆ ಕೂಡಲೇ ಅಳಿಯುವುದಿಲ್ಲ. ದೇವರ ಕೃಪೆಯಲ್ಲೇ ಕಣ್ಮುಚ್ಚಿದರೂ ಪೂರ್ತಿ ಶುದ್ಧವಾಗದೆ ಹೋದವರು ಸ್ವರ್ಗ ಸೇರುವ ಮುನ್ನ ಹಾದುಹೋಗುವ ಸ್ಥಿತಿಯೇ ಶುದ್ಧೀಕರಣ ಸ್ಥಳ. ಕೊಂಕಣಿ ಮನೆಗಳಲ್ಲಿ ಪುರ್ಗಾತೊರ್. ಇದು ಸ್ವರ್ಗಕ್ಕೂ ನರಕಕ್ಕೂ ನಡುವಿನ ತ್ರಿಶಂಕು ಸ್ಥಿತಿಯಲ್ಲ, ಬದುಕಿದ್ದಾಗ ಕೈತಪ್ಪಿದ್ದಕ್ಕೆ ಸಿಗುವ ಎರಡನೇ ಅವಕಾಶವೂ ಅಲ್ಲ. ಅಲ್ಲಿರುವವರು ಸ್ವರ್ಗ ಸೇರುವುದು ನಿಶ್ಚಿತ. ತಡವಾಗುತ್ತಿದೆ, ಅಷ್ಟೆ. ಆ ಹಾದಿಯಲ್ಲಿ ಅವರಿಗೆ ಬಲ ಕೊಡುವುದು ಬದುಕಿರುವವರ ಪ್ರಾರ್ಥನೆ, ದಾನಧರ್ಮ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಬಲಿಪೂಜೆ.

ಈ ವಿಷಯದಲ್ಲಿ ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ಅಧಿಕೃತವಾಗಿ ಹೇಳಿರುವುದು ಇಷ್ಟೇ ಎನ್ನಬಹುದು. 1274ರ ಲಿಯೋನ್ ಮಹಾಸಭೆ, 1439ರ ಫ್ಲಾರೆನ್ಸ್ ಮಹಾಸಭೆ, 1563ರ ಟ್ರೆಂಟ್ ಮಹಾಸಭೆಗಳು ಈ ಸ್ಥಿತಿ ಉಂಟು, ಪ್ರಾರ್ಥನೆಯಿಂದ ಅಲ್ಲಿರುವವರಿಗೆ ನೆರವಾಗುತ್ತದೆ ಎಂದು ಸಾರಿದವು. ಬೆಂಕಿಯ ಬಿಸಿ ಎಷ್ಟು, ಎಷ್ಟು ವರ್ಷ ಎಂಬ ವಿವರಗಳೆಲ್ಲ ಪ್ರವಚನಕಾರರು, ಚಿತ್ರಕಾರರು, ಕವಿಗಳು ಸೇರಿಸಿದ್ದು. ಅವರಲ್ಲಿ ಇಟಲಿಯ ಡಾಂಟೆಯನ್ನು ಮೀರಿಸಿದವರಿಲ್ಲ. ಹದಿನಾಲ್ಕನೇ ಶತಮಾನದ ಆರಂಭದಲ್ಲಿ ಆತ ಶುದ್ಧೀಕರಣ ಸ್ಥಳವನ್ನು ಏಳು ಹಂತಗಳ ಬೆಟ್ಟವಾಗಿ ಕಲ್ಪಿಸಿದ. ಬೆಟ್ಟ ಹತ್ತುತ್ತಿರುವ ಆತ್ಮಗಳು ಈ ಕವಿ ಇನ್ನೂ ಬದುಕಿದ್ದಾನೆಂದು ತಿಳಿದೊಡನೆ ಕೇಳುವುದು ಬಹುಪಾಲು ಒಂದನ್ನೇ: ಊರಿಗೆ ಮರಳಿದ ಮೇಲೆ ನಮ್ಮವರಿಗೆ ಹೇಳು, ನಮಗಾಗಿ ಪ್ರಾರ್ಥಿಸಲಿ. ಟ್ರೆಂಟ್ ಮಹಾಸಭೆ ಮಾತ್ರ ಬಿಷಪ್ಪರಿಗೆ ಎಚ್ಚರ ಹೇಳಿತ್ತು. ಸಾಮಾನ್ಯ ಜನರ ಮುಂದೆ ಈ ಕುರಿತು ಬಿಡಿಸಲಾಗದ ಚರ್ಚೆ ಎತ್ತಬೇಡಿ, ಬರಿಯ ಕುತೂಹಲ ಕೆರಳಿಸುವ ಅಥವಾ ಹಣದಾಸೆಯ ವಾಸನೆ ಬರುವ ಮಾತು ಬೇಡ ಎಂದು. 2007ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ತಮ್ಮ ಪರಿಪತ್ರವೊಂದರಲ್ಲಿ ಆ ಬೆಂಕಿ ಬೇರೇನೂ ಅಲ್ಲ, ಕ್ರಿಸ್ತನ ಮುಖಾಮುಖಿಯೇ ಮನುಷ್ಯನನ್ನು ಸುಟ್ಟು ಶುದ್ಧಗೊಳಿಸುತ್ತದೆ ಎಂಬ ಕೆಲವು ಇತ್ತೀಚಿನ ದೇವಶಾಸ್ತ್ರಜ್ಞರ ವಿಚಾರವನ್ನು ಎತ್ತಿಕೊಂಡರು.

ಪಿತೃಪಕ್ಷ, ಮಹಾಲಯ ಅಮಾವಾಸ್ಯೆಗಳನ್ನು ಬಲ್ಲ ಕನ್ನಡಿಗರಿಗೆ ಇಲ್ಲಿ ಹೋಲಿಕೆ ತೋಚುವುದು ಸಹಜ. ಹೋಲಿಕೆ ಸ್ವಲ್ಪ ದೂರ ಬರುತ್ತದೆ, ಆಮೇಲೆ ದಾರಿ ಕವಲೊಡೆಯುತ್ತದೆ. ಶ್ರಾದ್ಧದಲ್ಲಿ ಕರ್ತೃ ಯಾರೆಂಬುದು ಮುಖ್ಯ; ಮಗ, ಮೊಮ್ಮಗ, ಗೋತ್ರ ಎಂಬ ಎಳೆ ಬೇಕು. ತರ್ಪಣದಲ್ಲಿ ದಿಕ್ಕಿಲ್ಲದವರಿಗೂ ನೀರು ಬಿಡುವುದುಂಟು, ಆದರೂ ವಿಧಿಯ ನಡುಗಂಬ ವಂಶವೇ. ಕಥೋಲಿಕರಲ್ಲಿ ಗೆಳೆಯನಿಗಾಗಿ, ನೆರೆಮನೆಯವರಿಗಾಗಿ, ಪೇಪರಿನಲ್ಲಿ ಓದಿದ ಅಪರಿಚಿತನಿಗಾಗಿ ಯಾರು ಬೇಕಾದರೂ ಪೂಜೆ ಇಡಿಸಬಹುದು.

ಮಕ್ಕಬಿಯರಿಂದ ಮೋನಿಕಾವರೆಗೆ

ಇದಕ್ಕೆ ಬೈಬಲ್ಲಿನಲ್ಲಿ ಆಧಾರ ಎಲ್ಲಿದೆ ಎಂದು ಕೇಳಿದರೆ ಕಥೋಲಿಕರು ಮೊದಲು ತೆರೆಯುವುದು ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯ. ಯುದ್ಧದಲ್ಲಿ ಮಡಿದ ತನ್ನ ಸೈನಿಕರನ್ನು ಹೂಳಲು ಹೋದ ಯೆಹೂದ್ಯ ನಾಯಕ ಯೂದ ಮಕ್ಕಬಿಗೆ ಅವರ ಅಂಗಿಯೊಳಗೆ ಅನ್ಯ ವಿಗ್ರಹಗಳ ತಾಯಿತಗಳು ಸಿಗುತ್ತವೆ. ಯೆಹೂದ್ಯ ಧರ್ಮಶಾಸ್ತ್ರ ನಿಷೇಧಿಸಿದ ವಸ್ತುಗಳು ಅವು. ಆತ ಹೆಣಗಳನ್ನು ಅಲ್ಲೇ ಬಿಟ್ಟು ಹೋಗುವುದಿಲ್ಲ. ಸುಮಾರು 2,000 ಬೆಳ್ಳಿ ನಾಣ್ಯ ಸಂಗ್ರಹಿಸಿ ಅವರ ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳಿಸುತ್ತಾನೆ. ಪ್ರಾಟೆಸ್ಟೆಂಟ್ ಪಂಗಡಗಳ ಬೈಬಲ್ಲಿನಲ್ಲಿ ಈ ಗ್ರಂಥವೇ ಇಲ್ಲ. ಆದ್ದರಿಂದ ವಾದ ಅಲ್ಲಿಗೇ ನಿಲ್ಲುತ್ತದೆ.

ಶಾಸ್ತ್ರವಾದಕ್ಕಿಂತ ಹೆಚ್ಚು ಹೇಳುವುದು ಆದಿ ಕ್ರೈಸ್ತರ ನಡವಳಿಕೆ. ಮೂರನೇ ಶತಮಾನದ ಆರಂಭದಲ್ಲೇ ಉತ್ತರ ಆಫ್ರಿಕದ ಕಾರ್ಥೇಜಿನ ತೆರ್ತುಲ್ಲಿಯನ್ ಎಂಬ ಲೇಖಕ ಮೃತರಿಗಾಗಿ ವರ್ಷಾವಧಿಯಂದು ಕಾಣಿಕೆ ಅರ್ಪಿಸುವ ಪದ್ಧತಿ ತಮ್ಮಲ್ಲಿದೆ ಎಂದು ಬರೆದಿದ್ದಾನೆ. ಅದೇ ಊರಿನಲ್ಲಿ ಕ್ರಿ.ಶ. 203ರಲ್ಲಿ ಪೆರ್ಪೆತುವಾ ಎಂಬ ಎಳೆಯ ತಾಯಿಯನ್ನು ಕ್ರೈಸ್ತಳಾದ ಕಾರಣಕ್ಕೆ ಕೊಲ್ಲಲಾಯಿತು. ಸೆರೆಮನೆಯಲ್ಲಿ ಆಕೆ ಕಂಡ ಕನಸುಗಳ ದಾಖಲೆ ಉಳಿದುಬಂದಿದೆ. ಏಳನೇ ವಯಸ್ಸಿನಲ್ಲಿ ಮುಖದ ಹುಣ್ಣಿನಿಂದ ಸತ್ತ ತಮ್ಮ ದಿನೊಕ್ರಾತೆಸ್ ಒಂದು ಕನಸಿನಲ್ಲಿ ಬರುತ್ತಾನೆ. ಬಾಯಾರಿ ಬೆವತಿದ್ದಾನೆ, ಮುಂದೆ ನೀರಿನ ತೊಟ್ಟಿಯಿದೆ, ಅದರ ಅಂಚು ಹುಡುಗನ ಎತ್ತರಕ್ಕೆ ಎಟುಕುವುದಿಲ್ಲ. ಅಕ್ಕ ಹಗಲೂ ರಾತ್ರಿ ಪ್ರಾರ್ಥಿಸುತ್ತಾಳೆ. ಕೆಲವು ದಿನಗಳ ಮೇಲೆ ಮತ್ತೆ ಕಂಡಾಗ ತೊಟ್ಟಿಯ ಅಂಚು ಹುಡುಗನ ಸೊಂಟದ ಮಟ್ಟಕ್ಕಿಳಿದಿರುತ್ತದೆ, ಹುಣ್ಣಿದ್ದ ಕಡೆ ಕಲೆ ಮಾತ್ರ ಉಳಿದಿರುತ್ತದೆ, ಆತ ಮನದಣಿಯೆ ಕುಡಿದು ಆಡಲು ಓಡುತ್ತಾನೆ. ಶುದ್ಧೀಕರಣ ಸ್ಥಳದ ಸಿದ್ಧಾಂತ ಇನ್ನೂ ಯಾರೂ ಬರೆದಿರದ ಕಾಲವದು. ಸಿದ್ಧಾಂತಕ್ಕಿಂತ ಪ್ರಾರ್ಥನೆ ಮೊದಲು ಬಂತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ.

ಆಫ್ರಿಕದ ಇನ್ನೊಬ್ಬ ತಾಯಿ ಮೋನಿಕಾ, ಸಂತ ಅಗಸ್ಟೀನನ ತಾಯಿ. ಮಿಲಾನಿಗೆ ಬಂದಾಗ ಊರ ಕಡೆಯ ರೂಢಿಯಂತೆ ಹುತಾತ್ಮರ ಗೋರಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸ ಹೊತ್ತುಕೊಂಡು ಹೋಗುತ್ತಾಳೆ. ಬಾಗಿಲು ಕಾಯುವವನು ಒಳಗೆ ಬಿಡುವುದಿಲ್ಲ. ಅಲ್ಲಿನ ಬಿಷಪ್ ಅಂಬ್ರೋಸ್ ಗೋರಿಗಳ ಬಳಿಯ ಊಟೋಪಚಾರ ನಿಷೇಧಿಸಿದ್ದರು. ಕುಡಿತಕ್ಕೆ ಅದು ನೆಪವಾಗುತ್ತದೆ, ಅನ್ಯಮತದ ಪಿತೃಪೂಜೆಯಂತೆ ಕಾಣುತ್ತದೆ ಎಂಬ ಕಾರಣಕ್ಕೆ. ಮೋನಿಕಾ ಗೊಣಗದೆ ಬುಟ್ಟಿ ಬಿಟ್ಟಳು. ಕ್ರಿ.ಶ. 387ರಲ್ಲಿ ರೋಮಿನ ಬಂದರು ಓಸ್ತಿಯಾದಲ್ಲಿ ಜ್ವರದಿಂದ ಮಲಗಿದಾಗ, ಹುಟ್ಟೂರಿನ ಮಣ್ಣು ಸಿಗುವುದಿಲ್ಲವೆಂದು ಮಗನೊಬ್ಬ ಕೊರಗಿದ. ಆಕೆಯ ಉತ್ತರ, ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ಬಲಿಪೀಠದ ಬಳಿ ನನ್ನನ್ನು ನೆನೆಯಿರಿ ಎಂದಷ್ಟೇ.

ವರ್ಷಗಳ ನಂತರ ಅಗಸ್ಟೀನನಿಗೆ ನೋಲಾದ ಬಿಷಪ್ ಪೌಲಿನಸ್ ಒಂದು ಪ್ರಶ್ನೆ ಕಳಿಸಿದರು: ಸಂತರ ಸಮಾಧಿಯ ಪಕ್ಕದಲ್ಲಿ ಹೂಳಿಸಿಕೊಂಡರೆ ಸತ್ತವರಿಗೆ ಲಾಭವುಂಟೇ? ಸುಮಾರು 421ರಲ್ಲಿ ಬರೆದ ಉತ್ತರದಲ್ಲಿ ಅಗಸ್ಟೀನ್ ಹೇಳುವುದು ಇಂದಿಗೂ ಕಥೋಲಿಕ ನಿಲುವಿನ ತಿರುಳು. ಅದ್ದೂರಿ ಅಂತ್ಯಕ್ರಿಯೆ, ಒಳ್ಳೆಯ ಗೋರಿ ಉಳಿದವರ ಸಮಾಧಾನಕ್ಕೆ. ಸತ್ತವರಿಗೆ ತಲುಪುವುದು ಪ್ರಾರ್ಥನೆ. ಬಂಧುಗಳಿಲ್ಲದವರಿಗಾಗಿ, ಹೆಸರು ಗೊತ್ತಿಲ್ಲದವರಿಗಾಗಿ ಧರ್ಮಸಭೆಯೇ ತಾಯಿಯಾಗಿ ಪ್ರಾರ್ಥಿಸುತ್ತದೆ.

ಮೂರು ಚಿನ್ನದ ನಾಣ್ಯ, ಮೂವತ್ತು ಪೂಜೆ

ಪೋಪ್ ಮಹಾ ಗ್ರೆಗೊರಿ ಆರನೇ ಶತಮಾನದ ಕೊನೆಯಲ್ಲಿ ಬರೆದಿಟ್ಟ ಕತೆ ಇದು. ರೋಮಿನಲ್ಲಿ ಅವರ ಮಠದಲ್ಲಿ ಜಸ್ಟಸ್ ಎಂಬ ವೈದ್ಯ ಸನ್ಯಾಸಿ ಸಾಯುವ ಸ್ಥಿತಿಯಲ್ಲಿದ್ದಾಗ ಆತ ಮೂರು ಚಿನ್ನದ ನಾಣ್ಯ ಬಚ್ಚಿಟ್ಟಿರುವುದು ಬಯಲಾಯಿತು. ಸ್ವಂತ ಆಸ್ತಿ ಇಟ್ಟುಕೊಳ್ಳಬಾರದೆಂಬ ಮಠದ ನಿಯಮ ಮುರಿದದ್ದಕ್ಕೆ ಗ್ರೆಗೊರಿ ಕಠಿಣ ಶಿಕ್ಷೆ ಕೊಟ್ಟರು. ಸಾಯುವಾಗ ಯಾರೂ ಹತ್ತಿರ ಹೋಗಲಿಲ್ಲ. ಸತ್ತ ಮೇಲೆ ಹೆಣವನ್ನು ನಾಣ್ಯಗಳ ಸಮೇತ ತಿಪ್ಪೆಯಲ್ಲಿ ಹೂಳಿದರು. ಮೂವತ್ತು ದಿನ ಕಳೆದ ಮೇಲೆ ಗ್ರೆಗೊರಿಯವರ ಮನಸ್ಸು ಕರಗಿತು. ಅಂದಿನಿಂದ ಒಂದು ದಿನವೂ ತಪ್ಪದೆ ಮೂವತ್ತು ದಿನ ಆತನಿಗಾಗಿ ಬಲಿಪೂಜೆ ಅರ್ಪಿಸಲು ಹೇಳಿದರು. ಮೂವತ್ತು ಮುಗಿದ ದಿನ ಜಸ್ಟಸ್ ತನ್ನ ಒಡಹುಟ್ಟಿದವನಿಗೆ ಕಾಣಿಸಿಕೊಂಡು, ಇಷ್ಟು ದಿನ ಕಷ್ಟದಲ್ಲಿದ್ದೆ, ಈಗ ಸುಖವಾಗಿದ್ದೇನೆ ಅಂದನಂತೆ.

ಇಂದಿಗೂ ಮೃತರ ಹೆಸರಿನಲ್ಲಿ ಎಡೆಬಿಡದೆ ಮೂವತ್ತು ದಿನ ಇಡಿಸುವ ಪೂಜೆಗಳಿಗೆ ಗ್ರೆಗೊರಿಯ ಪೂಜೆಗಳೆಂದೇ ಹೆಸರು. ಊರಿನ ಗುರುಗಳಿಗೆ ಇಷ್ಟು ದಿನ ಬಿಡುವು ಸಿಗುವುದು ಕಷ್ಟ. ಆದ್ದರಿಂದ ಮಠಗಳಲ್ಲಿರುವ ಗುರುಗಳಿಗೆ, ನಿವೃತ್ತರಾದವರಿಗೆ ಈ ಕೋರಿಕೆ ಹೋಗುತ್ತದೆ.

ಕ್ಲೂನಿಯ ಊಟದ ಪಂಕ್ತಿ

ನವೆಂಬರ್ 2ರ ಆಚರಣೆ ಹುಟ್ಟಿದ್ದು ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಕ್ಲೂನಿ ಮಠದಲ್ಲಿ. 910ರಲ್ಲಿ ಸ್ಥಾಪನೆಯಾದ ಈ ಮಠ ಒಂದು ಶತಮಾನದೊಳಗೆ ಯುರೋಪಿನ ನೂರಾರು ಮಠಗಳಿಗೆ ತಾಯಿಮನೆಯಾಯಿತು. 994ರಿಂದ 1049ರವರೆಗೆ ಅದರ ಮಠಾಧಿಪತಿಯಾಗಿದ್ದ ಒಡಿಲೊ, ಸುಮಾರು 998ರಲ್ಲಿ, ಸಕಲ ಸಂತರ ಹಬ್ಬದ ಮರುದಿನ ಜಗತ್ತಿನ ಆರಂಭದಿಂದ ಸತ್ತ ಎಲ್ಲ ವಿಶ್ವಾಸಿಗಳಿಗಾಗಿ ಪ್ರಾರ್ಥನೆ ನಡೆಯಬೇಕೆಂದು ತಮ್ಮ ಅಧೀನದ ಮಠಗಳಿಗೆಲ್ಲ ಆಜ್ಞೆ ಹೊರಡಿಸಿದರು. ಗಂಟೆ ಬಾರಿಸಬೇಕು, ಪೂಜೆ ಅರ್ಪಿಸಬೇಕು, ಬಡವರಿಗೆ ದಾನ ಕೊಡಬೇಕು. ಮಠಗಳು ಅಲ್ಲಿಯವರೆಗೂ ತಮ್ಮ ಸನ್ಯಾಸಿಗಳ, ದಾನಿಗಳ ಹೆಸರುಗಳನ್ನು ಪಟ್ಟಿ ಮಾಡಿ ಓದುತ್ತಿದ್ದವು. ಒಡಿಲೊ ಆ ಪಟ್ಟಿಯ ಬೇಲಿಯನ್ನೇ ಕಿತ್ತರು.

ಕ್ಲೂನಿಯಲ್ಲಿ ಇನ್ನೊಂದು ರೂಢಿಯಿತ್ತು. ಒಬ್ಬ ಸನ್ಯಾಸಿ ಸತ್ತರೆ ಮೂವತ್ತು ದಿನ ಆತನ ಪಾಲಿನ ಊಟವನ್ನು ಒಬ್ಬ ಬಡವನಿಗೆ ಬಡಿಸುವುದು, ಮುಂದೆ ಪ್ರತಿ ವರ್ಷ ಸತ್ತ ದಿನದಂದು ಹಾಗೆಯೇ ಮಾಡುವುದು. ಶತಮಾನ ಕಳೆಯುವಷ್ಟರಲ್ಲಿ ಸತ್ತವರ ಸಂಖ್ಯೆ ಬದುಕಿರುವವರನ್ನು ಎಷ್ಟೋ ಪಟ್ಟು ಮೀರಿತು, ಅಡುಗೆಮನೆಗೆ ತಡೆದುಕೊಳ್ಳಲಾಗಲಿಲ್ಲ. ಹನ್ನೆರಡನೇ ಶತಮಾನದಲ್ಲಿ ಮಠಾಧಿಪತಿ ಪೀಟರ್ ಮೃತರ ಹೆಸರಿನ ಊಟವನ್ನು ದಿನಕ್ಕೆ 50ಕ್ಕೆ ಮಿತಿಗೊಳಿಸಬೇಕಾಯಿತು. ಮೃತಸ್ಮರಣೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಆಡಳಿತಾತ್ಮಕ ಆದೇಶವಿದು: ಸತ್ತವರು ಇದ್ದವರ ಪಾಲನ್ನೂ ಉಣ್ಣತೊಡಗಿದ್ದಕ್ಕೆ ಬಂದ ಕಡಿವಾಣ.

ಹಣ ಹೊಕ್ಕ ಕತೆ

ಮೃತರಿಗೆ ನೆರವಾಗಬಹುದು ಎಂದ ಮೇಲೆ ಆ ನೆರವಿಗೆ ಎಷ್ಟು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಮಧ್ಯಯುಗದ ಯುರೋಪಿನಲ್ಲಿ ಸಿರಿವಂತರು ತಮ್ಮ ಆತ್ಮಕ್ಕಾಗಿ ನಿರಂತರ ಪೂಜೆ ನಡೆಯಲೆಂದು ಜಮೀನು ಬರೆದಿಟ್ಟು, ಗುರುಗಳನ್ನು ನೇಮಿಸಿ ಹೋಗುತ್ತಿದ್ದರು. ಆಕ್ಸ್‌ಫರ್ಡಿನ ಆಲ್ ಸೋಲ್ಸ್ ಕಾಲೇಜು ಇಂಥದೊಂದು ಉದ್ದೇಶದಿಂದಲೇ 1438ರಲ್ಲಿ ಹುಟ್ಟಿತು. ಫ್ರಾನ್ಸಿನೊಡನೆ ನಡೆದ ದೀರ್ಘ ಯುದ್ಧದಲ್ಲಿ ಮಡಿದವರ ಆತ್ಮಗಳಿಗಾಗಿ ಪ್ರಾರ್ಥಿಸುವುದು ಅಲ್ಲಿನ ವಿದ್ವಾಂಸರ ಕರ್ತವ್ಯವಾಗಿತ್ತು. ನಮ್ಮ ಸರ್ವಪಲ್ಲಿ ರಾಧಾಕೃಷ್ಣನ್ ಫೆಲೋ ಆಗಿದ್ದ ಕಾಲೇಜು ಅದು. ಅವರ ಕಾಲಕ್ಕೆ ಹಳೆಯ ಕರ್ತವ್ಯ ಹೆಸರಿನಲ್ಲಿ ಮಾತ್ರ ಉಳಿದಿತ್ತು.

ಹದ ಪೂರ್ತಿ ಕೆಟ್ಟದ್ದು ಇಂಡಲ್ಜೆನ್ಸ್ ವಿಷಯದಲ್ಲಿ. ಕ್ಷಮಿಸಲ್ಪಟ್ಟ ಪಾಪಕ್ಕೆ ಉಳಿದಿರುವ ದಂಡವನ್ನು ಧರ್ಮಸಭೆ ತನ್ನ ಅಧಿಕಾರದಿಂದ ಮನ್ನಾ ಮಾಡುವುದು ಇಂಡಲ್ಜೆನ್ಸ್. ರೋಮಿನ ಸಂತ ಪೇತ್ರರ ಮಹಾದೇವಾಲಯದ ಕಟ್ಟಡ ನಿಧಿಗಾಗಿ ಜರ್ಮನಿಯಲ್ಲಿ ಯೊಹಾನ್ ಟೆಟ್ಜೆಲ್ ಎಂಬ ಡೊಮಿನಿಕನ್ ಸನ್ಯಾಸಿ ಸತ್ತ ಬಂಧುಗಳ ಹೆಸರಿನಲ್ಲಿ ಇದನ್ನು ಹಣಕ್ಕೆ ಹಂಚುತ್ತ ಊರೂರು ತಿರುಗಿದ. ಮಾರ್ಟಿನ್ ಲೂಥರ್ 1517ರ ಅಕ್ಟೋಬರ್ 31ರಂದು, ಅಂದರೆ ಸಕಲ ಸಂತರ ಹಬ್ಬದ ಮುನ್ನಾದಿನ, ಎತ್ತಿದ 95 ಆಕ್ಷೇಪಗಳಲ್ಲಿ ಜನಸಾಮಾನ್ಯರು ಕೇಳುತ್ತಿದ್ದ ಪ್ರಶ್ನೆಯೊಂದನ್ನೂ ಸೇರಿಸಿದ. ಕಟ್ಟಡದ ಹಣಕ್ಕಾಗಿ ಇಷ್ಟೊಂದು ಆತ್ಮಗಳನ್ನು ಬಿಡಿಸಬಲ್ಲ ಪೋಪ್, ಪ್ರೀತಿಯಿಂದಲೇ ಎಲ್ಲರನ್ನೂ ಬಿಡಿಸಬಾರದೇಕೆ? ಇದಕ್ಕೆ ಆ ಕಾಲದಲ್ಲಿ ಸರಿಯಾದ ಉತ್ತರ ಬರಲಿಲ್ಲ. ಲೂಥರನ ದಾರಿ ಹಿಡಿದ ಪ್ರಾಟೆಸ್ಟೆಂಟರು ಮುಂದೆ ಶುದ್ಧೀಕರಣ ಸ್ಥಳವನ್ನೂ ಮೃತರಿಗಾಗಿ ಅರ್ಪಿಸುವ ಪೂಜೆಯನ್ನೂ ಕೈಬಿಟ್ಟರು. ಇಂಗ್ಲೆಂಡ್ 1547ರಲ್ಲಿ ಪೂಜೆಗಾಗಿ ಬಿಟ್ಟಿದ್ದ ದತ್ತಿಗಳನ್ನೆಲ್ಲ ಮುಟ್ಟುಗೋಲು ಹಾಕಿಕೊಂಡಿತು. ಕಥೋಲಿಕರ ಕಡೆ ಪೋಪ್ 5ನೇ ಪಿಯೂಸ್ 1567ರಲ್ಲಿ ಹಣಕ್ಕೆ ತಗುಲಿಕೊಂಡಿದ್ದ ಇಂಡಲ್ಜೆನ್ಸ್‌ಗಳನ್ನು ರದ್ದುಮಾಡಿದರು.

ಇಂಡಲ್ಜೆನ್ಸ್ ಇಂದಿಗೂ ಇದೆ, ಹಣದ ಮಾತಿಲ್ಲದೆ. ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿ, ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಪೋಪ್‌ರ ಉದ್ದೇಶಗಳಿಗಾಗಿ ಪ್ರಾರ್ಥಿಸಿದವರು ಅದನ್ನು ಮೃತರಿಗೆ ಮುಡಿಪಿಡಬಹುದು. ಕೋವಿಡ್ ವರ್ಷವಾದ 2020ರಲ್ಲಿ ಸ್ಮಶಾನಗಳಲ್ಲಿ ನೂಕುನುಗ್ಗಲು ಆಗದಿರಲೆಂದು ವ್ಯಾಟಿಕನ್ ಈ ಎಂಟು ದಿನಗಳ ಅವಕಾಶವನ್ನು ಇಡೀ ನವೆಂಬರಿಗೆ ವಿಸ್ತರಿಸಿತು.

ಪೂಜೆ ಇಡಿಸುವಾಗ ಕೊಡುವ ಕಾಣಿಕೆಯ ವಿಷಯ ಬೇರೆ. ಅದು ಗುರುಗಳ ಜೀವನಾಧಾರಕ್ಕೆ ಬಂದ ಹಳೆಯ ಪದ್ಧತಿ, ಮೊತ್ತವನ್ನು ಆಯಾ ಪ್ರಾಂತ್ಯದ ಬಿಷಪ್ಪರು ನಿಗದಿಮಾಡುತ್ತಾರೆ. ಧರ್ಮಸಭೆಯ 1983ರ ಕಾನೂನು ಸಂಹಿತೆ ಇಲ್ಲಿ ವ್ಯಾಪಾರದ ನೆರಳೂ ಸುಳಿಯಬಾರದು ಎನ್ನುತ್ತದೆ. ಏನೂ ಕೊಡಲಾಗದ ಬಡವರಿಗಾಗಿಯೂ ಪೂಜೆ ಅರ್ಪಿಸುವಂತೆ ಗುರುಗಳಿಗೆ ಒತ್ತಿ ಹೇಳುತ್ತದೆ. ಒಂದೇ ಪೂಜೆಗೆ ಹತ್ತಾರು ಹೆಸರು ಸೇರಿಸಿ ಹತ್ತಾರು ಕಾಣಿಕೆ ಪಡೆಯುವ ಚಾಳಿ ಬೆಳೆದಾಗ 1991ರಲ್ಲಿ ವ್ಯಾಟಿಕನ್ ಮಧ್ಯೆ ಬಂದು, ಸಾಮೂಹಿಕ ಹೆಸರಿನ ಪೂಜೆ ಒಂದು ಚರ್ಚಿನಲ್ಲಿ ವಾರಕ್ಕೆ ಎರಡು ದಿನ ಮೀರಬಾರದು ಎಂದಿತು.

ಒಂದೇ ದಿನ ಮೂರು ಪೂಜೆ

ಸಾಮಾನ್ಯವಾಗಿ ಒಬ್ಬ ಗುರು ದಿನಕ್ಕೆ ಒಂದೇ ಬಲಿಪೂಜೆ ಅರ್ಪಿಸಬೇಕೆಂಬುದು ನಿಯಮ. ನವೆಂಬರ್ 2ರಂದು ಮೂರು ಅರ್ಪಿಸಬಹುದು. ಸ್ಪೇನಿನ ವಲೆನ್ಸಿಯಾದ ಡೊಮಿನಿಕನ್ನರಲ್ಲಿ ಶುರುವಾದ ಈ ರೂಢಿಗೆ 1748ರಲ್ಲಿ ಸ್ಪೇನ್, ಪೋರ್ಚುಗಲ್ ರಾಜ್ಯಗಳ ಮಟ್ಟಿಗೆ ಪೋಪ್ ಒಪ್ಪಿಗೆ ಸಿಕ್ಕಿತ್ತು. 1915ರ ಆಗಸ್ಟ್ 10ರಂದು ಪೋಪ್ 15ನೇ ಬೆನೆಡಿಕ್ಟ್ ಅದನ್ನು ಜಗತ್ತಿನ ಎಲ್ಲ ಗುರುಗಳಿಗೂ ವಿಸ್ತರಿಸಿದರು. ಮೊದಲ ಮಹಾಯುದ್ಧದ ಎರಡನೇ ವರ್ಷ ಅದು, ಹೆಣಗಳಿಗೆ ಲೆಕ್ಕವಿರಲಿಲ್ಲ. ಪೋಪ್ ಕೊಟ್ಟ ಇನ್ನೊಂದು ಕಾರಣ ಅಷ್ಟೇ ಗಮನಾರ್ಹ. ಹಿಂದಿನವರು ತಮ್ಮ ಆತ್ಮಕ್ಕಾಗಿ ಬಿಟ್ಟುಹೋಗಿದ್ದ ದತ್ತಿಗಳು ಸರ್ಕಾರಗಳ ವಶವಾಗಿಯೋ ಕಾಲಕ್ಕೆ ಸಿಕ್ಕಿಯೋ ಹಾಳಾಗಿದ್ದವು, ಅವರ ಪೂಜೆಗಳು ನಿಂತುಹೋಗಿದ್ದವು. ಆ ಬಾಕಿ ತೀರಬೇಕಿತ್ತು.

ಮೂರರಲ್ಲಿ ಒಂದು ಪೂಜೆಯನ್ನು ಗುರುಗಳು ಯಾರಾದರೂ ಕೋರಿದ ಹೆಸರಿಗೆ ಅರ್ಪಿಸಿ ಕಾಣಿಕೆ ಪಡೆಯಬಹುದು. ಇನ್ನೊಂದು ಸಕಲ ಮೃತರಿಗಾಗಿ, ಮತ್ತೊಂದು ಪೋಪ್‌ರ ಉದ್ದೇಶಕ್ಕಾಗಿ. ಈ ಎರಡಕ್ಕೂ ಕಾಣಿಕೆಯಿಲ್ಲ.

ಸಾವಿನ ಮನೆಯಿಂದ ಮಣ್ಣಿನವರೆಗೆ

ಈಗಿರುವ ಅಂತ್ಯವಿಧಿ 1969ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪರಿಷ್ಕರಣೆಗೊಂಡದ್ದು. ಅದಕ್ಕೂ ಮುಂಚೆ ಕಪ್ಪು ಉಡುಪು, ನ್ಯಾಯತೀರ್ಪಿನ ಭಯಂಕರ ದಿನವನ್ನು ಬಣ್ಣಿಸುವ ಲ್ಯಾಟಿನ್ ಹಾಡು ಇದ್ದವು. ಹಿರಿಯ ತಲೆಮಾರಿನವರಿಗೆ ಆ ಗಾಂಭೀರ್ಯ ಹೋಯಿತೆಂಬ ಕೊರಗು ಇದೆ. ಹೊಸ ವಿಧಿಯ ಒತ್ತು ಪುನರುತ್ಥಾನದ ಮೇಲೆ.

ಮನೆಯಲ್ಲಿ ಪ್ರಾರ್ಥನೆ, ಚರ್ಚಿನಲ್ಲಿ ಬಲಿಪೂಜೆ, ಸಮಾಧಿಯಲ್ಲಿ ಆಶೀರ್ವಚನ ಎಂಬ ಮೂರು ಹಂತಗಳು. ಪೆಟ್ಟಿಗೆಯ ಮೇಲೆ ಚಿಮುಕಿಸುವ ತೀರ್ಥ, ಪಕ್ಕದಲ್ಲಿ ಉರಿಯುವ ಪಾಸ್ಖ (ಈಸ್ಟರ್) ಮೇಣದಬತ್ತಿ ಎರಡೂ ಆ ವ್ಯಕ್ತಿಯ ಜ್ಞಾನಸ್ನಾನವನ್ನು ನೆನಪಿಸಲು ಇರುವವು. ಕೊನೆಯಲ್ಲಿ ಧೂಪ. ಗುಂಡಿಗೆ ಇಳಿಸಿದ ಮೇಲೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ.

ಏಳನೇ ದಿನ, ಮೂವತ್ತನೇ ದಿನ, ವರ್ಷಾವಧಿಗಳಂದು ಮತ್ತೆ ಪೂಜೆ. ಈ ದಿನಗಳ ಲೆಕ್ಕವೂ ಹಳೆಯದು. ಕ್ರಿ.ಶ. 395ರಲ್ಲಿ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಸತ್ತ 40ನೇ ದಿನ ಮಾತಾಡಿದ ಅಂಬ್ರೋಸ್, ಕೆಲವರು ಮೂರನೆಯ ಮತ್ತು ಮೂವತ್ತನೆಯ ದಿನ ಆಚರಿಸುತ್ತಾರೆ, ಕೆಲವರು ಏಳನೆಯ ಮತ್ತು ನಲವತ್ತನೆಯ ದಿನ ಎಂದು ಹೇಳಿದ್ದು ದಾಖಲಾಗಿದೆ. ಇವೆಲ್ಲ ವಿಶೇಷ ದಿನಗಳ ಮಾತಾಯಿತು. ವಾಸ್ತವದಲ್ಲಿ ಜಗತ್ತಿನಲ್ಲಿ ನಡೆಯುವ ಪ್ರತಿಯೊಂದು ಬಲಿಪೂಜೆಯ ನಡುವೆಯೂ ಮೃತರ ಸ್ಮರಣೆಗೆ ಒಂದು ಜಾಗವಿದೆ. ಅವರ ಹೆಸರು ಹೇಳಲು ಯಾರಿರಲಿ ಇಲ್ಲದಿರಲಿ.

ಗೋವಾ, ಕರಾವಳಿ, ಕೇರಳ

ಗೋವೆಯಿಂದ ಶತಮಾನಗಳ ಹಿಂದೆ ದಕ್ಷಿಣಕ್ಕೆ ಬಂದ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಸಂಜೆಯ ಜಪಸರ, ಅಂದರೆ ತೆರ್ಸ್, ಮೃತರಿಗಾಗಿ ಪ್ರಾರ್ಥಿಸದೆ ಮುಗಿಯುವುದಿಲ್ಲ. ಅದಾದ ಮೇಲೆ ಮಕ್ಕಳು ಹಿರಿಯರ ಬಳಿ ಹೋಗಿ ಆಶೀರ್ವಾದ ಕೇಳುವುದು. ಸಾವು ಸಂಭವಿಸಿದರೆ ವಾಳೆಯ (ಚರ್ಚಿನ ವಾರ್ಡಿನ) ಮುಖಂಡನಾದ ಗುರ್ಕಾರ ಮುಂದೆ ನಿಂತು ನೆರೆಹೊರೆಯವರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಾನೆ.

ಗೋವೆಯಲ್ಲಿ ಮದುವೆಗೆ ಮುನ್ನ ಮನೆತನದ ಮೃತರ ಹೆಸರಿನಲ್ಲಿ ಬಡವರನ್ನು ಕರೆದು ಎಲೆ ಹಾಕಿ ಬಡಿಸುವ ರೂಢಿಯಿದೆ, ಭಿಕಾರಿಗಳ ಊಟವೆಂದೇ ಅದರ ಹೆಸರು. ಕ್ಲೂನಿಯ ಪಂಕ್ತಿಗೂ ಹಿಂದೂ ಪಿತೃಕಾರ್ಯಕ್ಕೂ ಇದು ಏಕಕಾಲಕ್ಕೆ ನೆಂಟ. ಯಾವ ಕಡೆಯಿಂದ ಬಂತೆಂದು ಹಟ ಹಿಡಿದು ಹುಡುಕುವುದರಲ್ಲಿ ಅರ್ಥವಿಲ್ಲ. ಕೇರಳದ ಸಿರಿಯನ್ ಕ್ರೈಸ್ತರಂತೂ ವರ್ಷಾವಧಿಯ ಊಟವನ್ನು ಶ್ರಾದ್ಧದಿಂದಲೇ ಬಂದ ಚಾತ್ತಂ ಎಂಬ ಹೆಸರಿನಿಂದ ಕರೆಯುತ್ತಾರೆ. ಇದೇ ಸಿರಿಯನ್ ಪರಂಪರೆಗೆ ಸೇರಿದ, ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಧರ್ಮಪ್ರಾಂತ್ಯಗಳಿರುವ ಸಿರೋ-ಮಲಬಾರ್ ಕಥೋಲಿಕರಿಗೆ ಸಕಲ ಮೃತರ ಸ್ಮರಣೆ ಬರುವುದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಮುನ್ನ ಒಂದು ಶುಕ್ರವಾರ. ಅದು ಪೂರ್ವದೇಶದ ಸಿರಿಯಾಕ್ ಪಂಚಾಂಗದ ಲೆಕ್ಕ.

ನೇಪಲ್ಸಿನ ತಲೆಬುರುಡೆಗಳು

ಮೃತರಿಗಾಗಿ ದೇವರನ್ನು ಕೇಳಬಹುದು. ಮೃತರನ್ನು ಕರೆಸಿ ಮಾತಾಡಿಸುವುದು, ಅವರ ಮೂಲಕ ಭವಿಷ್ಯ ಕೇಳುವುದು ಕಥೋಲಿಕ ಬೋಧನೆಯಲ್ಲಿ ಕಡುನಿಷಿದ್ಧ. ಕಾಗದದ ಮೇಲೆ ಸರಳವಾಗಿ ಕಾಣುವ ಈ ಗೆರೆ ಜನರ ನಡುವೆ ಎಷ್ಟು ಬೇಗ ಅಳಿಯುತ್ತದೆ ಎಂಬುದಕ್ಕೆ ಇಟಲಿಯ ನೇಪಲ್ಸಿನ ಫೊಂಟನೆಲ್ಲೆ ಸ್ಮಶಾನವೇ ಉದಾಹರಣೆ. 1656ರ ಪ್ಲೇಗು, 1837ರ ಕಾಲರಾದಲ್ಲಿ ಸತ್ತ ಅನಾಮಿಕರ ಎಲುಬುಗಳು ಅಲ್ಲಿನ ಹಳೆಯ ಕಲ್ಲುಗಣಿಯೊಳಗೆ ರಾಶಿ ಬಿದ್ದಿದ್ದವು. 1872ರಲ್ಲಿ ಗಯೆತಾನೊ ಬರ್ಬಾತಿ ಎಂಬ ಗುರುಗಳು ಊರಿನ ಹೆಂಗಸರ ನೆರವಿನಿಂದ ಅವನ್ನು ಓರಣವಾಗಿ ಜೋಡಿಸಿದರು.

ಆಮೇಲೆ ಆ ಹೆಂಗಸರು ಒಂದೊಂದು ತಲೆಬುರುಡೆಯನ್ನು ದತ್ತು ತೆಗೆದುಕೊಂಡರು. ಯಾರೂ ನೆನೆಯದ ಬಡ ಆತ್ಮವೆಂದು ಕನಿಕರಪಟ್ಟು ಬುರುಡೆ ಒರೆಸಿ ಹೊಳಪು ಕೊಡುವುದು, ಸಣ್ಣ ಪೆಟ್ಟಿಗೆಯಲ್ಲಿಡುವುದು, ಹೂವು, ದೀಪ, ಪ್ರಾರ್ಥನೆ. ಬದಲಿಗೆ ಕನಸಿನಲ್ಲಿ ಬಂದು ಲಾಟರಿ ಸಂಖ್ಯೆ ಹೇಳಬೇಕು, ಮಗಳಿಗೆ ಗಂಡು ಹುಡುಕಿಕೊಡಬೇಕು. ಕೆಲಸ ಆಗದಿದ್ದರೆ ಆ ಬುರುಡೆಯನ್ನು ಬಿಟ್ಟು ಇನ್ನೊಂದು. 1969ರಲ್ಲಿ ಕಾರ್ಡಿನಲ್ ಕೊರಾಡೊ ಉರ್ಸಿ ಈ ಆಚರಣೆಯನ್ನು ನಿಷೇಧಿಸಿದರು. ನಿಷೇಧ ಸರಿಯೇ. ಆದರೂ ದಿಕ್ಕಿಲ್ಲದ ಆತ್ಮವನ್ನು ತನ್ನದೆಂದುಕೊಂಡ ಆ ಮೊದಲ ಹೆಜ್ಜೆ ಅಗಸ್ಟೀನನ ಮಾತಿಗೆ ತೀರ ದೂರದ್ದೇನಲ್ಲ. ಲಾಟರಿ ಬಂದದ್ದು ಆಮೇಲೆ.

ಒಮ್ಮೆ ಹೊರಗುಳಿದವರು

ಸಕಲ ಮೃತರು ಎಂಬ ಮಾತಿನಿಂದ ಬಹುಕಾಲ ಹೊರಗುಳಿದವರೂ ಇದ್ದರು. 1917ರ ಕಾನೂನು ಸಂಹಿತೆಯಂತೆ ಬುದ್ಧಿಪೂರ್ವಕ ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನ ಅಂತ್ಯವಿಧಿ ಇರಲಿಲ್ಲ. ಮನೆಯವರ ಪಾಲಿಗೆ ಸಾವಿನ ಮೇಲೆ ಇನ್ನೊಂದು ಸಾವು. 1983ರ ಸಂಹಿತೆ ಆ ನಿಷೇಧವನ್ನು ಕೈಬಿಟ್ಟಿತು; 1992ರ ಧರ್ಮೋಪದೇಶ ಗ್ರಂಥ, ತೀವ್ರ ಮನೋವೇದನೆ ಹೊಣೆಗಾರಿಕೆಯನ್ನು ಕುಗ್ಗಿಸುತ್ತದೆ, ಅವರ ರಕ್ಷಣೆಯ ಬಗ್ಗೆ ಹತಾಶರಾಗಬಾರದು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದು ಸ್ಪಷ್ಟವಾಗಿ ಬರೆಯಿತು.

ಜ್ಞಾನಸ್ನಾನಕ್ಕೆ ಮೊದಲೇ ಸತ್ತ ಕೂಸುಗಳ ಕತೆಯೂ ಹೀಗೆಯೇ. ಅವನ್ನು ಆಶೀರ್ವದಿಸಿದ ನೆಲದ ಹೊರಗೆ ಹೂಳುತ್ತಿದ್ದ ಕಾಲವಿತ್ತು. 1969ರ ವಿಧಿಯಲ್ಲಿ ಅಂಥ ಮಕ್ಕಳ ಅಂತ್ಯಕ್ರಿಯೆಗೂ ಪ್ರಾರ್ಥನೆಗಳು ಬಂದವು. 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಅವರ ರಕ್ಷಣೆಯ ಬಗ್ಗೆ ಭರವಸೆಯಿಡಲು ಗಟ್ಟಿ ಕಾರಣಗಳಿವೆ ಎಂದಿತು.

ದಹನ, ಬೂದಿ, ಹೆಸರು

ಹೂಳುವುದೇ ಕಥೋಲಿಕರ ರೂಢಿ. 1886ರಲ್ಲಿ ವ್ಯಾಟಿಕನ್ ಶವದಹನವನ್ನು ನಿಷೇಧಿಸಿತು; ಪುನರುತ್ಥಾನವನ್ನು ಅಲ್ಲಗಳೆಯಲೆಂದೇ ಯುರೋಪಿನಲ್ಲಿ ಕೆಲವರು ದಹನದ ಪರ ಚಳವಳಿ ನಡೆಸುತ್ತಿದ್ದರು. 1963ರಲ್ಲಿ ನಿಷೇಧ ಸಡಿಲಿತು. ನಂಬಿಕೆಯ ವಿರೋಧಕ್ಕಾಗಿ ಅಲ್ಲದಿದ್ದರೆ ದಹನಕ್ಕೆ ಈಗ ಅಡ್ಡಿಯಿಲ್ಲ. ನಗರಗಳಲ್ಲಿ ಜಾಗದ ಅಭಾವ ಇದರ ಹಿಂದಿನ ದೊಡ್ಡ ಒತ್ತಡ. ನಮ್ಮಲ್ಲೂ ಅನೇಕ ಚರ್ಚುಗಳಲ್ಲಿ ಕೆಲವು ವರ್ಷಗಳ ನಂತರ ಗುಂಡಿ ತೆರೆದು, ಹಳೆಯ ಎಲುಬುಗಳನ್ನು ಬೇರೆಡೆ ಇರಿಸಿ, ಅದೇ ಜಾಗವನ್ನು ಮತ್ತೊಬ್ಬರಿಗೆ ಕೊಡಲಾಗುತ್ತದೆ.

2016ರಲ್ಲಿ ವ್ಯಾಟಿಕನ್ನಿನಿಂದ ಹೊರಬಂದ ಸೂಚನಾಪತ್ರ ಬೂದಿಯ ಬಗ್ಗೆ ಕಟ್ಟುನಿಟ್ಟಾದ ನಿಯಮ ಹೇಳಿತು. ಗಾಳಿಗೆ ತೂರಬಾರದು, ನೀರಿಗೆ ಬಿಡಬಾರದು, ಮನೆಯ ಷೋಕೇಸಿನಲ್ಲಿ ಇಡಬಾರದು, ಒಡವೆಗಳಲ್ಲಿ ತುಂಬಿಸಿಕೊಳ್ಳಬಾರದು. ಸ್ಮಶಾನ ಅಥವಾ ಚರ್ಚಿನಂಥ ಪವಿತ್ರ ಸ್ಥಳದಲ್ಲೇ ಇಡಬೇಕು. ಮೊದಲ ಓದಿಗೆ ಇದು ನಿಯಮಕ್ಕಾಗಿ ನಿಯಮ ಎನಿಸಬಹುದು. ಪತ್ರ ಕೊಡುವ ಕಾರಣಗಳಲ್ಲಿ ಒಂದು ಮಾತ್ರ ನೇರವಾಗಿ ಲೋಕಾನುಭವದ್ದು: ಮನೆಯಲ್ಲಿಟ್ಟ ಬೂದಿಯನ್ನು ಮಕ್ಕಳು ಕಾಯಬಹುದು, ಮೊಮ್ಮಕ್ಕಳ ಕಾಲಕ್ಕೆ ಅದು ಯಾರದ್ದೆಂದು ತಿಳಿದಿರುವುದಿಲ್ಲ. ಸಮುದಾಯದ ಜಾಗದಲ್ಲಿದ್ದರೆ ಮನೆತನ ಅಳಿದ ಮೇಲೂ ಯಾರಾದರೂ ಪ್ರಾರ್ಥಿಸುತ್ತಾರೆ.

2023ರ ಡಿಸೆಂಬರಿನಲ್ಲಿ, ಬೊಲೊನ್ಯಾದ ಕಾರ್ಡಿನಲ್ ಮತ್ತೆಯೊ ಜುಪ್ಪಿ ಕೇಳಿದ ಎರಡು ಪ್ರಶ್ನೆಗಳಿಗೆ ವ್ಯಾಟಿಕನ್ ಉತ್ತರಿಸಿತು. ಹಲವರ ಬೂದಿಯನ್ನು ಒಂದೇ ಪವಿತ್ರ ಸ್ಥಳದಲ್ಲಿ ಒಟ್ಟಿಗೆ ಇಡಬಹುದು, ಆದರೆ ಹೆಸರುಗಳ ನೆನಪು ಅಳಿಯದಂತೆ ಪ್ರತಿಯೊಬ್ಬರ ವಿವರವೂ ಅಲ್ಲಿ ನಮೂದಾಗಿರಬೇಕು. ಮೃತರ ಬದುಕಿಗೆ ಮುಖ್ಯವಾಗಿದ್ದ ಬೇರೊಂದು ಜಾಗದಲ್ಲಿ ಬೂದಿಯ ತೀರ ಸಣ್ಣ ಭಾಗವನ್ನು ಇಡಲು ಮನೆಯವರು ಕೋರಿದರೆ, ಉಳಿದದ್ದು ಪವಿತ್ರ ಸ್ಥಳದಲ್ಲಿರುವುದಾದರೆ, ಚರ್ಚಿನ ಅಧಿಕಾರಿಗಳು ಅದನ್ನು ಪರಿಶೀಲಿಸಬಹುದು.